ಮೊಪೆಡ್ ಸದ್ದಿಗೆ ಕೂತ ತೋಳ

೧೯೭೮ರಲ್ಲಿ ನನ್ನ ಓದು ನಿಂತಿತು. ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ಬೆಳಿಗ್ಗೆಯೇ ನಮ್ಮ ಎಮ್ಮೆ ಈಯಲು ಮಲಗಿತು. ಕರು ಅಡ್ಡ ತಿರುಗಿಕೊಂಡಿತ್ತು, ಅಪ್ಪ ಊರಲ್ಲಿರಲಿಲ್ಲ. ನಾನು ಅಂಗಿ ಬಿಚ್ಚಿ ಕೊಟ್ಟಿಗೆಗೆ ಇಳಿದೆ. ಅವ್ವ ಎಮ್ಮೆಯ ತಲೆ ಹಿಡಿದಳು. ಪಕ್ಕದ ಮನೆಯ ತಾತ ಬಾಗಿಲಲ್ಲಿ ನಿಂತು ಹೇಳಿಕೊಟ್ಟ ಹಾಗೆ ನಾನು ಮಾಡುತ್ತಾ ಹೋದೆ. ಕರು ಈಚೆಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಎಮ್ಮೆ ಉಳಿಯಿತು, ಕರು ಉಳಿಯಿತು, ಗಣಿತ ಹೋಯಿತು. ಸಂಜೆ ಮೇಷ್ಟ್ರು ಮನೆಗೇ ಬಂದು, “ಮುಂದಿನ ವರ್ಷ ಕಟ್ಟೋ ರಂಗ, ಬುದ್ಧಿವಂತ ನೀನು” ಎಂದರು. ನಾನು ಕಟ್ಟಲಿಲ್ಲ. ಆ ದಿನ ನಾನು ಪಾಸಾಗಿದ್ದೇನೆ ಎಂದೇ ನನ್ನ ಲೆಕ್ಕ.

ನಮ್ಮ ಉಲ್ಲಾಳ ಆಗ ಊರು, ಬಸ್ ಸ್ಟಾಪ್ ಅಲ್ಲ. ರಾಗಿ ಹೊಲದ ಬದುವಿನ ಮೇಲೆ ನಡೆದು ಕೆಂಗೇರಿ ಸಂತೆಗೆ ಹೋಗುತ್ತಿದ್ದೆವು. ಕೆಂಗೇರಿಯ ಆಚೆ, ಗುಡ್ಡದ ಬುಡದಲ್ಲಿ, ಪೆಟ್ಟಾದ ಮತ್ತು ತಾಯಿ ಕಳೆದುಕೊಂಡ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ ಒಂದು ಕೇಂದ್ರ ಶುರುವಾದಾಗ ಬೇಲಿ ಕಂಬಕ್ಕೆ ಗುಂಡಿ ತೋಡುವ ಕೂಲಿಯಾಗಿ ಸೇರಿಕೊಂಡೆ. ಗುಂಡಿ ಮುಗಿದವು, ನಾನು ಉಳಿದುಕೊಂಡೆ. ಪ್ರಾಣಿ ಪಾಲಕನಾದೆ. ಯಾವಾಗ ಖಾಯಂ ಆಯಿತು, ಯಾವಾಗ ಏನು ಬಡ್ತಿ ಬಂತು ಎನ್ನುವುದೆಲ್ಲ ಸರ್ವಿಸ್ ಪುಸ್ತಕದಲ್ಲಿ ಇದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ಇಲ್ಲಿ ನಾನು ಹೇಳುವುದು ತೋಳದ ಮಾತು.

ಹೇಳುವುದಕ್ಕೆ ಕಾರಣವಿದೆ. ನಿವೃತ್ತಿಯಾದ ಮೇಲೆ ಒಮ್ಮೆ ಕೇಂದ್ರಕ್ಕೆ ಹೋಗಿದ್ದಾಗ ಹೊಸದಾಗಿ ಸೇರಿದ ಮಕ್ಕಳ ಮುಂದೆ ನಾಲ್ಕು ಮಾತಾಡಿ ಎಂದರು. ಒಬ್ಬ ಹುಡುಗಿ ಎದ್ದು ಕೇಳಿದಳು: “ಸಾರ್, ಪ್ರಾಣಿಗಳ ಮೇಲೆ ಪ್ರೀತಿ ಇದ್ರೆ ಸಾಕಲ್ವಾ? ಮಿಕ್ಕಿದ್ದೆಲ್ಲಾ ಕಲೀಬಹುದಲ್ವಾ?” ನಾನು “ಸಾಲದು ಕಣಮ್ಮ” ಎಂದೆ. ಎಲ್ಲರೂ ನಕ್ಕರು. ಯಾಕೆ ಸಾಲದು ಎಂದು ಹೇಳುವಷ್ಟರಲ್ಲಿ ಟೀ ಬಂತು, ಮಾತು ನಿಂತಿತು. ಆ ಟೀ ಇಲ್ಲದಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂರು ಮರಿಗಳು ಬಂದದ್ದು ಒಂದು ಬಾಳೆಹಣ್ಣಿನ ಬುಟ್ಟಿಯಲ್ಲಿ! ಬಯಲುಸೀಮೆಯ ಒಂದು ಕಲ್ಲುಗಣಿಯಲ್ಲಿ ಜೆಸಿಬಿ ಮಣ್ಣು ಕೆರೆಯುವಾಗ ಬಿಲ ಒಡೆದು ಸಿಕ್ಕಿದ್ದವು. ತಾಯಿ ತಿರುಗಿ ಬರಲಿ ಎಂದು ಅಲ್ಲಿನವರು ಎರಡು ದಿನ ಕಾದಿದ್ದರು, ಬರಲಿಲ್ಲ. ಕಣ್ಣು ಆಗಷ್ಟೇ ಬಿಟ್ಟಿದ್ದವು. ಒಂದು ಹೆಣ್ಣು, ಎರಡು ಗಂಡು. ನೋಡಿದರೆ ನಮ್ಮ ಬೀದಿನಾಯಿ ಮರಿಯ ಹಾಗೇ, ಆದರೆ ಕೈಗೆತ್ತಿಕೊಂಡರೆ ಮೈಯೆಲ್ಲ ಬೇರೆ ಬಿಗಿ.

ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ ನಮ್ಮ ಡಾಕ್ಟರು ಶೈಲಜಾ ಮೇಡಂ ಮೊದಲು ಹೇಳಿದ ಮಾತು ನೆನಪಿದೆ. “ರಂಗಣ್ಣ, ಇವನ್ನ ಬದುಕಿಸೋದು ದೊಡ್ಡದಲ್ಲ. ಇವು ವಾಪಸ್ ಹೋಗ್ಬೇಕು. ಬಯಲಿಗೆ. ತೋಳವಾಗಿ.”

ನನಗೆ ಮೈ ಜುಂ ಎಂದಿತು. ಅಷ್ಟು ವರ್ಷದಲ್ಲಿ ನಾವು ಪ್ರಾಣಿಗಳನ್ನು ಒಳಗೆ ತಂದಿದ್ದೇ ಹೆಚ್ಚು. ಗಾಯ ಮಾಗಿದ ನವಿಲು, ಆಮೆ, ಒಂದೆರಡು ಪುನುಗು ಬೆಕ್ಕು ಬಿಟ್ಟಿದ್ದೆವು. ತೋಳವನ್ನು ಕಣ್ಣು ಬಿಟ್ಟಾಗಿನಿಂದ ಸಾಕಿ, ಬೇಟೆಗೆ ತಯಾರು ಮಾಡಿ ಬಿಡುವುದು! ತೋಳ ಎನ್ನುವ ಜಾತಿಯೇ ಕಮ್ಮಿಯಾಗುತ್ತಿದೆ, ಒಂದೊಂದೂ ಲೆಕ್ಕಕ್ಕೆ ಬರುತ್ತದೆ ಎಂದು ಮೇಡಂ ವಿವರಿಸಿದರು. ನಾನು ಆ ದಿನ ಮನೆಗೆ ಹೋಗಿ ಊಟಕ್ಕೆ ಕೂತವನು ಮುದ್ದೆ ಮುರಿಯುವುದನ್ನೇ ಮರೆತಿದ್ದೆ.

ಈಗ ನನ್ನ ಮೊದಲ ತಪ್ಪಿನ ಮಾತು. ಮರಿಗಳಿಗೆ ಮೇಡಂ ಒಂದು ಪುಡಿ ಹಾಲು ಕಲಸಿ ಕೊಡಲು ಹೇಳಿದ್ದರು, ಅಳತೆ ಗೋಡೆಯ ಮೇಲೆ ಬರೆದಿದ್ದರು. ಚಿಕ್ಕ ಗಂಡು ಸರಿಯಾಗಿ ಕುಡಿಯುತ್ತಿರಲಿಲ್ಲ. ನಾನು ದನದ ಕೊಟ್ಟಿಗೆಯಲ್ಲಿ ಹುಟ್ಟಿದವನು. ಡಬ್ಬದ ಪುಡಿಗೆ ಏನು ಶಕ್ತಿ ಇರುತ್ತದೆ ಎಂದುಕೊಂಡು ಮನೆಯಿಂದ ಹಸುವಿನ ಹಾಲು ತಂದು ಅದಕ್ಕೊಂದಕ್ಕೆ ಕದ್ದು ಕುಡಿಸಿದೆ. ಚಪ್ಪರಿಸಿ ಕುಡಿಯಿತು. ಮೂರನೇ ದಿನ ಭೇದಿ ಶುರುವಾಯಿತು, ನಾಲ್ಕನೇ ದಿನ ಕುತ್ತಿಗೆ ನಿಲ್ಲಲಿಲ್ಲ.

ಮೇಡಂ ಬೈಯಲಿಲ್ಲ. ಡ್ರಿಪ್ ಹಾಕುತ್ತಾ, “ಹಸುವಿನ ಹಾಲು ಕರುವಿಗೆ ರಂಗಣ್ಣ. ಇದು ಕರುನಾ?” ಎಂದು ಮಾತ್ರ ಕೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ಹದಿನೆಂಟು ದಿನ ಆ ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬದುಕಿಸಿದೆ. ಬದುಕಿತು, ಗುಂಡಗೆ ಆಯಿತು, ಗುಂಡ ಎಂದೇ ಹೆಸರಾಯಿತು. ಆದರೆ ಅದಕ್ಕೆ ಮನುಷ್ಯರೆಂದರೆ ಭಯವೇ ಇಲ್ಲ. ನನ್ನನ್ನು ಕಂಡರೆ ಹೊಟ್ಟೆ ಮೇಲೆ ಮಾಡಿ ಹೊರಳುತ್ತದೆ. ಅಂಥ ತೋಳವನ್ನು ಬಯಲಿಗೆ ಬಿಟ್ಟರೆ ನೇರ ಯಾರದೋ ಮನೆ ಬಾಗಿಲಿಗೆ ಹೋಗುತ್ತದೆ, ದೊಣ್ಣೆ ಏಟಿಗೆ ಸಾಯುತ್ತದೆ. ಹೀಗಾಗಿ ಗುಂಡ ಇವತ್ತಿಗೂ ಜಾಲರಿಯ ಹಿಂದೆ ಇದ್ದಾನೆ, ಸಾಯುವವರೆಗೂ ಅಲ್ಲೇ. ಅವನನ್ನು ಕೊಂದದ್ದೂ ಇಲ್ಲ, ಬದುಕಿಸಿದ್ದೂ ಇಲ್ಲ ಅನ್ನಿಸುತ್ತದೆ. ಪ್ರೀತಿಯಿಂದಲೇ ಮಾಡಿದ್ದು ಕಣಮ್ಮ, ಆ ಹಾಲು ಕುಡಿಸಿದ್ದು.

ಉಳಿದ ಎರಡಕ್ಕೆ ಮೇಡಂ ಬೇರೆಯದೇ ಕಾನೂನು ತಂದರು. ಹೆಸರಿಡಬಾರದು, ನಂಬರು ಮಾತ್ರ. ಮಾತಾಡಬಾರದು. ಮುಖ ಕಾಣಬಾರದು. ಗುಡ್ಡದ ಹಿಂಬದಿಗೆ ಎಕರೆಗಟ್ಟಲೆ ಜಾಗಕ್ಕೆ ಬೇಲಿ ಹಾಕಿ, ಒಂದು ಕಡೆ ಎತ್ತರದ ಗೋಡೆ ಕಟ್ಟಿ, ಗೋಡೆಯಲ್ಲಿ ದಪ್ಪ ಸಿಮೆಂಟ್ ಪೈಪು ಇಳಿಜಾರಾಗಿ ಕೂರಿಸಿದರು. ಊಟ ಆ ಪೈಪಿನಲ್ಲಿ ಜಾರಿ ಒಳಗೆ ಬೀಳಬೇಕು, ಯಾರು ಹಾಕಿದರು ಎಂದು ತೋಳಕ್ಕೆ ಗೊತ್ತಾಗಬಾರದು. ಮೊದಲೆಲ್ಲ ನಾವು ಮೂಳೆ ಬಿಡಿಸಿ ತುಂಡು ಮಾಡಿ, “ಬಾ ಬಾ ಬಾ” ಎಂದು ಕರೆದು ಹಾಕುತ್ತಿದ್ದೆವು. ಈಗ ಚರ್ಮ ಕೂದಲು ಸಮೇತ ಇಡಿಯಾಗಿ ಹಾಕಬೇಕು, ಅವೇ ಹರಿದು ತಿನ್ನಲು ಕಲಿಯಬೇಕು.

ಒಳಗೆ ಹೋಗಲೇಬೇಕಾದ ದಿನಕ್ಕೆ ಗೋಣಿಚೀಲದ ಅಂಗಿ! ಎರಡು ರಾಗಿ ಚೀಲ ಬಿಚ್ಚಿ ಹೊಲಿದು, ಸಗಣಿ ಮತ್ತು ಮಣ್ಣು ಮೆತ್ತಿ, ತಲೆಯಿಂದ ಮೊಣಕಾಲವರೆಗೆ ಇಳಿಬಿಟ್ಟು, ಕಣ್ಣಿಗೆರಡು ತೂತು. ಮನುಷ್ಯನ ಆಕಾರವೂ ಕಾಣಬಾರದು, ವಾಸನೆಯೂ ಬರಬಾರದು. ಅದನ್ನು ಹೊಲಿದವಳು ನನ್ನ ಹೆಂಡತಿ ಜಯಮ್ಮ. ಅಳತೆ ನೋಡಲು ಹಾಕಿಕೊಂಡಾಗ ನಗುತ್ತಾ ಗೋಡೆ ಹಿಡಿದುಕೊಂಡಳು.

“ರೀ, ಮದುವೇಲೂ ಇಷ್ಟು ಚೆನ್ನಾಗಿ ಕಾಣ್ತಿರ್ಲಿಲ್ಲ ನೀವು!”

“ನಗಬೇಡ ಕಣೇ, ಇದು ಯೂನಿಫಾರಮ್ಮು.”

“ಯೂನಿಫಾರಮ್ಮು ಹಾಕ್ಕೊಂಡು ಮನೆ ಒಳಗೆ ಬಂದ್ರೆ ನೋಡಿ ಮತ್ತೆ. ಹಿತ್ತಲಲ್ಲೇ ಬಿಚ್ಚಿ, ನೀರು ಹುಯ್ಕೊಂಡು ಬರಬೇಕು.”

ಒಂದೂವರೆ ವರ್ಷ ಆ ಎರಡು ತೋಳಗಳ ಎದುರು ನಾನು ಒಂದೇ ಒಂದು ಮಾತಾಡಲಿಲ್ಲ. ಕೆಮ್ಮು ಬಂದರೆ ಟವೆಲು ಬಾಯಿಗೆ ತುರುಕಿಕೊಂಡು ಗುಡ್ಡ ಇಳಿಯುತ್ತಿದ್ದೆ. ಹೆಸರಿಡಬಾರದು ಎಂದಿದ್ದರು, ಬಾಯಲ್ಲಿ ಇಡಲಿಲ್ಲ. ಹೆಣ್ಣಿಗೆ ಬಿಸಿಲು ಬಿದ್ದರೆ ಬೆನ್ನು ಕೆಂಪಗೆ ಕಾಣುತ್ತಿತ್ತು, ಮನಸ್ಸಿನಲ್ಲಿ ಮಾತ್ರ ಕೆಂಪಿ ಅಂದುಕೊಂಡೆ. ಅದು ನಮ್ಮ ಮನೆಯ ಹಸುಗಳಿಗೆ ಇಡುವ ಹೆಸರು.

ತಮಾಷೆಗಳೂ ಆದವು. ಕೆಂಗೇರಿ ಸ್ಟೇಷನ್ನಿನಿಂದ ಸಂಜೆಯ ರೈಲು ಹೊರಡುವಾಗ ಉದ್ದಕ್ಕೆ ಹಾರ್ನ್ ಹಾಕುತ್ತದೆ. ಒಂದು ದಿನ ಆ ಹಾರ್ನಿಗೆ ಕೆಂಪಿ ಕತ್ತೆತ್ತಿ ಕೂಗಿದಳು! ಅವಳ ಅಣ್ಣ, ಆ ದೊಡ್ಡ ಗಂಡು, ಅವನೂ ಸೇರಿಕೊಂಡ. ಆಚೆ ಜಾಲರಿಯಿಂದ ಗುಂಡ. ನನ್ನ ತಲೆಗೂದಲು ನೆಟ್ಟಗಾಯಿತು. ಕೇಳಿದವರಿಗೇ ಗೊತ್ತು ಆ ಕೂಗು, ಹೊಟ್ಟೆಯ ಒಳಗೆ ಎಲ್ಲೋ ತಾಗುತ್ತದೆ. ಅಂದಿನಿಂದ ದಿನಾ ರೈಲಿಗೊಂದು ಕೂಗು. ಗುಡ್ಡದ ಕೆಳಗೆ ಹೊಸ ಲೇಔಟು ಎದ್ದಿತ್ತು. ಅಲ್ಲಿಂದ ಒಬ್ಬ ಆಂಟಿ ಗೇಟಿಗೆ ಬಂದರು.

“ಏನ್ರೀ, ನಿಮ್ಮ ನಾಯಿಗಳಿಗೆ ಊಟ ಗೀಟ ಹಾಕಲ್ವಾ? ದಿನಾ ಸಂಜೆ ಊಳಿಡ್ತವೆ. ಅಪಶಕುನ! ಕಾರ್ಪೊರೇಷನ್ ಅವ್ರಿಗೆ ಹೇಳಿ ನಾಯಿ ವ್ಯಾನು ಕರೆಸ್ತೀನಿ.”

“ಕರೆಸಿ ಮೇಡಂ. ಆದ್ರೆ ಅವು ನಾಯಿ ಅಲ್ಲ, ತೋಳ.”

ಆಂಟಿ ಒಂದು ಹೆಜ್ಜೆ ಹಿಂದೆ ಇಟ್ಟರು. “ತೋಳನಾ? ನಿಜವಾಗ್ಲೂ? ನೋಡ್ಬಹುದಾ?”

“ನೋಡಂಗಿಲ್ಲ.”

“ಹೋಗ್ಲಿ, ಕೂಗೋ ಟೈಮಾದ್ರೂ ಹೇಳಿ, ಮೊಮ್ಮಗಳಿಗೆ ಕೇಳಿಸ್ತೀನಿ!”

ಆಮೇಲೆ ಅವರೇ ದಿನಾ ಸಂಜೆ ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು ಎಂದು ನಮ್ಮ ವಾಚ್‌ಮನ್ ಹೇಳಿದ.

ಮೇಲಧಿಕಾರಿಗಳಲ್ಲೂ ಎಲ್ಲ ತರಹದವರು ಬಂದರು. ಒಬ್ಬರು ಬಂದು, ತೋಳದ ಜೊತೆ ನಿಂತ ಫೋಟೊ ಬೇಕು ಎಂದರು. ಮೇಡಂ ತಣ್ಣಗೆ, “ಆಗ್ಬಹುದು ಸಾರ್, ಮೊದಲು ಇದನ್ನ ಹಾಕ್ಕೊಳ್ಳಿ” ಎಂದು ನನ್ನ ಗೋಣಿ ಅಂಗಿ ಮುಂದಕ್ಕೆ ಹಿಡಿದರು. ಅವತ್ತೇ ಬೆಳಿಗ್ಗೆ ಹೊಸ ಸಗಣಿ ಮೆತ್ತಿದ್ದೆ. ಸಾಹೇಬರು ಗುಂಡನ ಜಾಲರಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೊರಟುಹೋದರು.

ಇನ್ನು ನನ್ನ ಮೊಪೆಡ್. ಇದನ್ನು ಹೇಳುವಾಗ ಈಗಲೂ ಎದೆ ಉಬ್ಬುತ್ತದೆ, ಜೊತೆಗೇ ಕುಗ್ಗುತ್ತದೆ.

ಕೇಂದ್ರದ ವ್ಯಾನು ಕೆಟ್ಟು ನಿಂತಿತು. ಹೊಸದು ಬರುವುದಕ್ಕೆ ಕಾಗದ ಮೇಲೆ ಹೋಗಬೇಕು, ಕೆಳಗೆ ಬರಬೇಕು. ತೋಳ ಕಾಯುತ್ತದೆಯೇ? “ನಾನು ತರ್ತೀನಿ ಮೇಡಂ” ಎಂದೆ. ದಿನಾ ಬೆಳಿಗ್ಗೆ ಮಾಂಸದ ಡಬ್ಬ ಮೊಪೆಡ್ಡಿನ ಮುಂದೆ ಇಟ್ಟುಕೊಂಡು, ಕೆಂಗೇರಿ ದಾಟಿ, ಗುಡ್ಡದ ಮಣ್ಣುರಸ್ತೆ ಹತ್ತಿ, ಸರಿಯಾಗಿ ಹತ್ತು ಗಂಟೆಗೆ ಗೋಡೆಯ ಹಿಂದೆ ಗಾಡಿ ಆಫ್ ಮಾಡುತ್ತಿದ್ದೆ. ಎರಡು ನಿಮಿಷಕ್ಕೆ ಊಟ ಪೈಪಿನಲ್ಲಿ ಜಾರುತ್ತಿತ್ತು. ಮಳೆ ಬಂದರೂ ಹತ್ತು, ಜ್ವರ ಬಂದರೂ ಹತ್ತು. ಊಟದ ದಿನ ಒಂದೂ ತಪ್ಪಿಸಲಿಲ್ಲ. ಹೊಸ ವ್ಯಾನು ಬಂದ ಮೇಲೂ ನಾನು ಬಿಟ್ಟುಕೊಡಲಿಲ್ಲ. ಮೇಡಂ ಎಲ್ಲರ ಮುಂದೆ, “ರಂಗಣ್ಣನ ಗಾಡಿ ಸದ್ದು ಕೇಳಿಸಿದ್ರೆ ನಾನು ಕಾಫಿಗೆ ಏಳ್ತೀನಿ, ವಾಚೇ ಬೇಡ” ಎಂದರು. ಆಯುಧ ಪೂಜೆಯ ದಿನ ಅದಕ್ಕೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದೆ. ಕೇಂದ್ರದ ಜೀಪಿಗಿಂತ ದೊಡ್ಡ ಹಾರ!

ಗೋಡೆಯ ಸಂದಿಯಲ್ಲಿ ಇಣುಕಿದರೆ ಅಣ್ಣ ಸದ್ದಿಗೆ ಬಂಡೆ ಹಿಂದೆ ಓಡಿಬಿಟ್ಟಿರುತ್ತಿದ್ದ. ಎಲ್ಲ ನಿಶ್ಶಬ್ದವಾದ ಎಷ್ಟೋ ಹೊತ್ತಿಗೆ ಬಂದು ತಿನ್ನುತ್ತಿದ್ದ. ಕೆಂಪಿ ಮಾತ್ರ ಪೈಪಿನ ಬಾಯಿಯ ಮುಂದೆ ನೆಟ್ಟಗೆ ಕೂತಿರುತ್ತಿದ್ದಳು. ಎಷ್ಟು ಚುರುಕು ನನ್ನ ಹುಡುಗಿ, ಅಣ್ಣ ಪುಕ್ಕಲ ಎಂದುಕೊಂಡೆ. ನೋಡಿ, ಕಣ್ಣೆದುರಿಗೇ ಇತ್ತು. ನಾನು ಓದಲಿಲ್ಲ.

ಬಿಡುವ ದಿನ ಬಂತು. ಚಿತ್ರದುರ್ಗದ ಕಡೆಯ ಒಂದು ಹುಲ್ಲುಬಯಲು. ಮೊದಲೇ ಅಲ್ಲಿ ಬೇಲಿ ಕಟ್ಟಿ ಎರಡನ್ನೂ ಕೆಲವು ವಾರ ಒಳಗಿಟ್ಟು, ಗಾಳಿ ಮಣ್ಣು ಪರಿಚಯವಾಗಲಿ ಎಂದು ಕಾದೆವು. ಅಲ್ಲಿ ಊಟ ಹಾಕುವ ಕೆಲಸ ಅಲ್ಲಿನವರದು, ಕಾಲ್ನಡಿಗೆಯಲ್ಲಿ. ಕುತ್ತಿಗೆಗೆ ಎಲ್ಲಿದೆ ಎಂದು ತಿಳಿಸುವ ರೇಡಿಯೊ ಪಟ್ಟಿ. ಒಂದು ಬೆಳಿಗ್ಗೆ ಬಾಗಿಲು ತೆಗೆದೆವು. ಅಣ್ಣ ಬಾಣದ ಹಾಗೆ ಹೋದ, ತಿರುಗಿಯೂ ನೋಡಲಿಲ್ಲ. ಕೆಂಪಿ ಬಾಗಿಲಲ್ಲಿ ನಿಂತಳು, ಗಾಳಿ ಮೂಸಿದಳು, ಒಂದು ಹೆಜ್ಜೆ, ಇನ್ನೊಂದು, ಆಮೇಲೆ ಹುಲ್ಲಿನಲ್ಲಿ ಬೆನ್ನು ಮಾತ್ರ ಕಾಣಿಸಿತು, ಆಮೇಲೆ ಅದೂ ಇಲ್ಲ. ಬಂಡೆಯ ಹಿಂದೆ ಗೋಣಿ ಅಂಗಿಯಲ್ಲಿ ಕೂತಿದ್ದ ನಾನು ಕುಣಿಯಬೇಕು ಅನ್ನಿಸಿದರೂ ಕುಣಿಯುವಂತಿರಲಿಲ್ಲ. ಸಗಣಿ ವಾಸನೆಯ ಒಳಗೇ ಅತ್ತೆ.

ಅಲ್ಲಿ ಈರಣ್ಣ ಎಂಬ ಕುರಿಗಾಹಿ ಪರಿಚಯವಾದರು. ಕರಿ ಕಂಬಳಿ, ನನಗಿಂತ ಹತ್ತು ವರ್ಷ ದೊಡ್ಡವರು. “ನಿಮ್ಮ ಕುರಿ ಹಿಡಿದ್ರೆ ಬೇಜಾರಿಲ್ವಾ ಯಜಮಾನ್ರೇ?” ಎಂದು ಕೇಳಿದೆ.

“ಹಿಡಿದೇ ಇರ್ತೈತಾ ಸಾಮಿ? ತೋಳದ ಪಾಲು ಅಂತ ಮೊದ್ಲೇ ಎಣಿಸ್ಕೊಂಡೇ ಹಿಂಡು ಹೊಡಿತೀವಿ. ಅದು ಕಳ್ಳನಂಗೆ ಬಂದು ಕಳ್ಳನಂಗೆ ಹೋದ್ರೆ ನಮ್ದೇನೂ ತಕರಾರಿಲ್ಲ. ಎದುರಿಗೆ ಬಂದು ನಿಂತ್ರೆ ಮಾತ್ರ ಕಷ್ಟ.”

ಈ ಮಾತು ನೆನಪಿಟ್ಟುಕೊಳ್ಳಿ.

ಎರಡು ವಾರಕ್ಕೆ ಮೇಡಂ ನನ್ನನ್ನು ಕರೆದರು. ಮುಖ ಸಪ್ಪಗಿತ್ತು. ಹೆಣ್ಣು ತೋಳ ಹಗಲು ಹೊತ್ತಿನಲ್ಲೇ ರಸ್ತೆಗೆ ಬರುತ್ತಿದೆ, ಹಾಲಿನವನ ಗಾಡಿ ಹಿಂದೆ ಓಡಿದೆ, ಊರಲ್ಲಿ ನರಭಕ್ಷಕ ತೋಳ ಎಂದು ಗುಲ್ಲೆದ್ದಿದೆ, ಕೆಲವರು ದೊಣ್ಣೆ ಹಿಡಿದು ಓಡಾಡುತ್ತಿದ್ದಾರೆ.

“ಹಿಡಿದು ವಾಪಸ್ ತರೋಕೆ ಮೇಲಿನವ್ರು ಹೇಳಿದಾರೆ ರಂಗಣ್ಣ. ಒಂದು ವಾರ ಟೈಮ್ ಕೇಳಿದೀನಿ.”

“ತಂದ್ರೆ?”

“ಗುಂಡನ ಪಕ್ಕದ ಜಾಲರಿ. ಇನ್ನು ಬಿಡೋ ಮಾತಿಲ್ಲ. ಇದನ್ನ ಮಾತ್ರ ಅಲ್ಲ, ಇನ್ನು ಯಾವುದನ್ನೂ ಬಿಡೋಕೆ ಒಪ್ಪಲ್ಲ.”

ಮಾರನೆಯ ದಿನವೇ ಇಬ್ಬರೂ ಹೋದೆವು. ಹಾಲಿನ ಮಂಜಣ್ಣ ಎಂಬುವವರು ಊರ ಬಾಗಿಲಲ್ಲೇ ಸಿಕ್ಕರು, ಇನ್ನೂ ಹೆದರಿಕೆ ಇಳಿದಿರಲಿಲ್ಲ.

“ಮೂರು ಸಲ ಬಂದೈತೆ ಸಾರ್! ಅರ್ಧ ಮೈಲಿ ಪಕ್ಕದಲ್ಲೇ ಓಡಿ ಬಂತು.”

“ಗಾಡೀಲಿ ಮಾಂಸ ಗೀಂಸ ಇತ್ತಾ ಅಣ್ಣ?”

“ಹಾಲಿನ ಕ್ಯಾನ್ ಸಾರ್, ಇನ್ನೇನು! ಹೆದರಿಕೇಲಿ ಗಾಡಿ ಆಫ್ ಆಗೋಯ್ತು. ನನ್ನ ಕತೆ ಮುಗೀತು ಅನ್ಕೊಂಡೆ. ಆದ್ರೆ ಅದು ಮೈಮೇಲೆ ಬರ್ಲಿಲ್ಲ. ಎದುರಿಗೆ ಕೂತ್ಕೊಂಡ್ ಬಿಡ್ತು, ನಮ್ಮ ಮನೆ ನಾಯಿ ಊಟಕ್ಕೆ ಕೂತಂಗೆ. ನನ್ನ ನೋಡ್ಲೇ ಇಲ್ಲ. ಗಾಡೀನೇ ನೋಡ್ತಾ ಇತ್ತು.”

“ಯಾವ ಗಾಡಿ?”

ಮಂಜಣ್ಣ ಗೋಡೆಗೆ ಒರಗಿಸಿದ್ದ ಗಾಡಿ ತೋರಿಸಿದರು. ಮೊಪೆಡ್! ಕಿಕ್ ಹೊಡೆಯಲು ಹೇಳಿದೆ. ಹೊಡೆದರು. ಅದೇ ಸದ್ದು, ಗುಡ್ಡ ಹತ್ತುವಾಗ ನನ್ನ ಗಾಡಿ ಮಾಡುವ ಅದೇ ಪಟಪಟ.

ಅಲ್ಲೇ ಜಗುಲಿಯ ಮೇಲೆ ಕೂತೆ. ಮುಖ ಮುಚ್ಚಿದ್ದೆ, ಬಾಯಿ ಮುಚ್ಚಿದ್ದೆ, ಮೈಗೆ ಸಗಣಿ ಮೆತ್ತಿದ್ದೆ. ಗಾಡಿಗೆ ಯಾರು ಗೋಣಿ ಹೊದಿಸಿದ್ದರು? ದಿನಾ ಹತ್ತು ಗಂಟೆಗೆ, ಒಂದು ದಿನವೂ ತಪ್ಪದೆ, ಸದ್ದು ಬಂದು ನಿಂತರೆ ಊಟ ಬೀಳುತ್ತದೆ ಎಂದು ಕಲಿಸಿದವನು ನಾನು. ನಾಲ್ಕು ದಿನ ತಪ್ಪಿಸಿದ್ದರೆ, ಹೊತ್ತು ಹಿಂದುಮುಂದು ಮಾಡಿದ್ದರೆ, ಹೊಸ ವ್ಯಾನಿಗೆ ಬಿಟ್ಟುಕೊಟ್ಟಿದ್ದರೆ, ಅವಳು ಇಷ್ಟು ಗಟ್ಟಿಯಾಗಿ ಕಲಿಯುತ್ತಿರಲಿಲ್ಲ. ಸೋಮಾರಿ ಪಾಲಕ ಈ ತಪ್ಪು ಮಾಡಲಾರ. ಇದು ನನ್ನಂಥವನೇ ಮಾಡಬೇಕು!

ಹೇಳದೆ ಇರಬಹುದಿತ್ತು. ನಿಜ ಹೇಳುತ್ತೇನೆ, ಎರಡು ನಿಮಿಷ ಹೇಳಬಾರದು ಎಂದೇ ಇತ್ತು. ಹಾಲಿನ ತಪ್ಪು ಒಂದು ಆಗಿತ್ತು, ಇದು ಎರಡನೆಯದು. ಆದರೆ ಗುಂಡ ಹೊಟ್ಟೆ ಮೇಲೆ ಮಾಡಿ ಹೊರಳುವುದು ಕಣ್ಣಿಗೆ ಬಂತು.

“ಮೇಡಂ, ಇದು ನನ್ನ ಗಾಡಿ ಕಲಿಸಿದ್ದು” ಎಂದೆ.

ಮೇಡಂ ಮಂಜಣ್ಣನ ಮೊಪೆಡ್ ನೋಡಿದರು, ನನ್ನನ್ನು ನೋಡಿದರು. ಹಣೆಗೆ ಕೈ ಹೊಡೆದುಕೊಂಡರು. “ಅಯ್ಯೋ! ದಿನಾ ಆ ಸದ್ದಿಗೆ ನಾನೇ ಕಾಫಿಗೆ ಏಳ್ತಿದ್ದೆ ರಂಗಣ್ಣ! ನಾನೇ ಕಲಿತಿದ್ದೀನಿ, ಅದು ಕಲೀದೆ ಇರತ್ತಾ?”

ನಗು ಬಂತೋ ಅಳು ಬಂತೋ ಗೊತ್ತಿಲ್ಲ. ಆದರೆ ಯಾಕೆ ಎಂದು ತಿಳಿದಿದ್ದೇ ನಮಗಿಬ್ಬರಿಗೂ ಮೈಯಲ್ಲಿ ಮಿಂಚು ಹರಿಯಿತು! ಕಲಿಸಿದ್ದನ್ನು ಮರೆಸಬಹುದಲ್ಲವೇ? ಅದೇ ಸದ್ದು ಬಂದರೆ ಊಟವಲ್ಲ, ಕೇಡು ಎಂದು ತೋರಿಸಬೇಕು. ಮೇಡಂ ಅಲ್ಲಿಂದಲೇ ಫೋನ್ ಮಾಡಿ ಅನುಮತಿ ತೆಗೆದುಕೊಂಡರು. ಉಳಿದದ್ದು ಐದು ದಿನ. ಜಯಮ್ಮನಿಗೆ ಫೋನ್ ಮಾಡಿ, ಗಾಡಿಯನ್ನು ಟೆಂಪೊದಲ್ಲಿ ಹತ್ತಿಸಿ ಕಳಿಸು ಎಂದೆ. ಸದ್ದಿನಲ್ಲಿ ಎಳ್ಳಷ್ಟೂ ವ್ಯತ್ಯಾಸ ಇರಬಾರದು, ನನ್ನ ಗಾಡಿಯೇ ಬೇಕು.

“ಚಿತ್ರದುರ್ಗಕ್ಕಾ? ಗಾಡಿಗೂ ತೋಳಕ್ಕೂ ಏನ್ರೀ ಸಂಬಂಧ?”

“ಬಂದ್ ಹೇಳ್ತೀನಿ ಕಣೇ. ಗೋಣಿ ಅಂಗೀನೂ ಹಾಕು, ಮರೀಬೇಡ.”

ಮೊದಲ ದಿನ ಬೆಳಿಗ್ಗೆ ಬಯಲಿನ ಮಣ್ಣುರಸ್ತೆಯಲ್ಲಿ ಗಾಡಿ ಓಡಿಸಿದೆ, ಗೋಣಿ ಅಂಗಿ ತೊಟ್ಟು. ಹತ್ತು ಗಂಟೆ. ಆಫ್ ಮಾಡಿದೆ. ಹುಲ್ಲು ಅಲುಗಿತು. ಬಂದಳು! ಬಂದು ಮೂವತ್ತು ಅಡಿ ದೂರದಲ್ಲಿ ಕೂತಳು. ಗೋಡೆ ಇಲ್ಲದೆ, ಸಂದಿ ಇಲ್ಲದೆ ಅವಳನ್ನು ಇಷ್ಟು ಹೊತ್ತು ಎದುರಾ ಎದುರು ನೋಡಿದ್ದು ಅದೇ ಮೊದಲು. ಬಯಲಿನ ಬಿಸಿಲಲ್ಲಿ ಬೆನ್ನು ಕೆಂಪಗೆ ಹೊಳೆಯುತ್ತಿತ್ತು. ಕೈಯಲ್ಲಿ ತಗಡಿನ ಡಬ್ಬ ಇತ್ತು, ಬಡಿದೆ. ಎದ್ದು ಸ್ವಲ್ಪ ದೂರ ಓಡಿದಳು. ನಿಂತಳು. ಮತ್ತೆ ಕೂತಳು.

ಎರಡನೇ ದಿನ ಪಟಾಕಿ ಹಚ್ಚಿದೆವು. ಓಡಿದಳು, ಬಂಡೆಯ ಹಿಂದೆ ಅಡಗಿದಳು, ಅರ್ಧ ಗಂಟೆಗೆ ಕಿವಿ ಕಾಣಿಸಿತು, ಮತ್ತೆ ಬಂದು ಕೂತಳು. ಪಟಾಕಿ ಮುಗಿದ ಮೇಲೆ ಊಟ ಬರುತ್ತದೆ ಎಂದುಕೊಂಡಳೋ ಏನೋ. ಮೇಡಂ ದೂರದಿಂದ ದುರ್ಬೀನಿನಲ್ಲಿ ನೋಡುತ್ತಾ ಉಗುರು ಕಚ್ಚುತ್ತಿದ್ದರು.

ಆ ಸಂಜೆ ಈರಣ್ಣ ತಮ್ಮ ಕುರಿ ಹಟ್ಟಿಯ ಮುಂದೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ನನ್ನನ್ನು ನೋಡಿ ನಕ್ಕರು. “ಅಲ್ಲ ಮಾರಾಯ, ಆ ಮೂಟೆ ಯಾಕೆ ಹೊತ್ಕೊಂಡೀಯ?”

“ಮನುಷ್ಯ ಅಂತ ಅದಕ್ಕೆ ಗೊತ್ತಾಗ್ಬಾರ್ದು ಯಜಮಾನ್ರೇ.”

“ಸಾಕೋವಾಗ ಗೊತ್ತಾಗ್ಬಾರ್ದು, ಸರಿ. ಓಡ್ಸೋವಾಗ? ಅದು ಯಾರನ್ನ ಕಂಡು ಓಡ್ಬೇಕು, ಮೂಟೇನ ಕಂಡಾ? ಬಿಚ್ಚಾಕು! ಮನುಷ್ಯನ್ನ ತೋರ್ಸು. ಬಾಯಿ ಬಿಡು. ನಾವು ಬಾಯಿ ಮಾಡ್ದಿದ್ರೆ ಹಿಂಡಲ್ಲಿ ಒಂದು ಕುರಿ ಉಳೀತಿತ್ತಾ?”

ಹಾಗೆಂದು ಸೊಂಟದಿಂದ ತಮ್ಮ ಕವಣೆ ಬಿಚ್ಚಿ ನನ್ನ ಕೈಗಿಟ್ಟರು. ಉಣ್ಣೆ ಹುರಿಯಲ್ಲಿ ಹೆಣೆದದ್ದು, ನಡುವೆ ಕಲ್ಲಿಡಲು ಅಂಗೈ ಅಗಲದ ಜಾಗ. ಬೀಸಿ ಒಂದು ಹುರಿ ಬಿಟ್ಟರೆ ಕಲ್ಲು ಸುಂಯ್ ಎಂದು ಹೋಗುತ್ತದೆ. ಕತ್ತಲಾಗುವವರೆಗೆ ಅಭ್ಯಾಸ ಮಾಡಿಸಿದರು. “ಮೈಗೆ ಹೊಡೀಬೇಡ, ಮುಂದಿನ ನೆಲಕ್ಕೆ ಹೊಡಿ. ಏಟು ಬೇಡ, ಎಚ್ಚರ ಬೇಕು” ಎಂದರು. ಶೈಲಜಾ ಮೇಡಂ ಇಂಗ್ಲಿಷಿನಲ್ಲಿ ಓದಿದ್ದ ವಿದ್ಯೆಯನ್ನೇ ಈರಣ್ಣ ಕಂಬಳಿ ಹೊದ್ದು ಕಲಿತಿದ್ದರು.

ಮೂರನೇ ದಿನ. ಗೋಣಿ ಅಂಗಿ ಹಾಕಲಿಲ್ಲ. ಖಾಕಿ ಅಂಗಿ, ತಲೆಗೆ ಎಣ್ಣೆ, ಮೈಗೆ ಸೋಪು. ಬೇಕೆಂದೇ ಮನುಷ್ಯನ ವಾಸನೆ ಹೊಡೆಯುವ ಹಾಗೆ ಹೋದೆ. ಹತ್ತು ಗಂಟೆಗೆ ಗಾಡಿ ಆಫ್ ಮಾಡಿದೆ. ಬಂದಳು. ಹುಲ್ಲಿನ ಅಂಚಿನಲ್ಲಿ ನಿಂತು ಮೂಗೆತ್ತಿದಳು. ಗಾಡಿ ಗೊತ್ತು, ಪಕ್ಕದಲ್ಲಿ ನಿಂತ ಈ ಪ್ರಾಣಿ ಯಾವುದು ಎಂಬಂತೆ. ಅಷ್ಟಾದರೂ ಕೂತಳು. ಗೋಡೆಯ ಸಂದಿಯಲ್ಲಿ ದಿನಾ ನೋಡುತ್ತಿದ್ದ ಹಾಗೆಯೇ, ಮುಂಗಾಲು ಜೋಡಿಸಿಕೊಂಡು.

ಎಷ್ಟು ದಿನ ಅವಳ ಜೊತೆ ಒಂದು ಮಾತಾಡಬೇಕು ಎಂದು ಆಸೆಪಟ್ಟಿದ್ದೆ! ಕಲ್ಲಿಟ್ಟು ಕವಣೆ ಬೀಸಿದೆ. ಅವಳ ಮುಂದಿನ ಮಣ್ಣು ಸಿಡಿಯಿತು. ಅವಳತ್ತ ಓಡಿದೆ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ:

“ಹೋಗೇ ಕೆಂಪಿ! ಹೋಗು! ಹೋಗೂ!”

ನಾನು ಅವಳಿಗೆ ಆಡಿದ ಮೊದಲ ಮಾತು ಅದು.

ಎದ್ದಳು. ಬೆನ್ನಿನ ಕೂದಲು ಮುಳ್ಳಿನ ಹಾಗೆ ನಿಂತಿತು. ನನ್ನನ್ನೇ, ಗಾಡಿಯನ್ನಲ್ಲ, ನನ್ನನ್ನೇ ನೋಡಿದಳು. ಎರಡನೇ ಕಲ್ಲು ಬೀಸಿದೆ, ಕೂಗುತ್ತಾ ಓಡಿದೆ, ಅತ್ತ ಕಡೆಯಿಂದ ಈರಣ್ಣ “ಹೋಯ್! ಹೋಯ್!” ಎಂದು ಬೊಬ್ಬೆ ಹಾಕಿದರು, ಅವರ ನಾಯಿಗಳು ಬೊಗಳಿದವು. ಬಾಲ ಕಾಲ ನಡುವೆ ಸೇರಿತು. ತಿರುಗಿದಳು. ಓಡಿದಳು! ಬಂಡೆ ದಾಟಿ, ಹಳ್ಳ ದಾಟಿ, ಎದುರಿನ ದಿಬ್ಬ ಹತ್ತಿ, ಒಮ್ಮೆಯೂ ನಿಲ್ಲದೆ! ಅಣ್ಣ ಹೋದ ಹಾಗೇ, ಬಾಣದ ಹಾಗೆ!

ನಾನು ಮಣ್ಣಿನಲ್ಲಿ ಕೂತು “ಓಡು! ಓಡು ನನ್ನವ್ವ!” ಎಂದು ಕೂಗುತ್ತಲೇ ಇದ್ದೆ. ಈರಣ್ಣ ಬಂದು ಹೆಗಲ ಮೇಲೆ ಕೈ ಇಟ್ಟರು. “ಸಾಕು ಬಿಡಪ್ಪ, ಆ ದಿಬ್ಬಕ್ಕೆ ಕೇಳ್ಸಲ್ಲ. ಕೇಳ್ಸಿದ್ರೆ ವಾಪಸ್ ಬಂದಾತು!”

ನಾಲ್ಕನೇ ದಿನ, ಐದನೇ ದಿನ ಹತ್ತು ಗಂಟೆಗೆ ಗಾಡಿ ಓಡಿಸಿದೆ, ಆಫ್ ಮಾಡಿದೆ, ಕಾದೆ. ಹುಲ್ಲು ಗಾಳಿಗೆ ಮಾತ್ರ ಅಲುಗಿತು. ರೇಡಿಯೊ ಪಟ್ಟಿಯ ಸುದ್ದಿ ನೋಡಿ ಮೇಡಂ ಚೀರಿದರು: ಐದನೇ ದಿನ ಗಾಡಿ ಸದ್ದು ಕೇಳಿದ್ದೇ ಅವಳು ದಿಬ್ಬದಿಂದ ಇನ್ನೂ ದೂರ ಸರಿದಿದ್ದಳು! ಮಂಜಣ್ಣನ ಹಾಲಿನ ಗಾಡಿಯ ಹಿಂದೆಯೂ ಅವಳು ಮತ್ತೆ ಬರಲಿಲ್ಲ. ಅನುಮತಿ ಕೊಟ್ಟವರು, ಹಿಡಿದು ತರುವುದು ಬೇಡ ಎಂದು ತಿಳಿಸಿದರು.

ಆಮೇಲೆ ಬಹಳ ದಿನ, ಎಲ್ಲಿದ್ದಾಳೆ ಎಂದು ಪಟ್ಟಿ ಹೇಳುತ್ತಿದ್ದುದು ಬಿಟ್ಟರೆ, ಬೇರೆ ಸುದ್ದಿ ಇರಲಿಲ್ಲ. ನನ್ನ ನಿವೃತ್ತಿಗೆ ಎರಡು ತಿಂಗಳಿದ್ದಾಗ, ಚಳಿಗಾಲದ ಒಂದು ಬೆಳಿಗ್ಗೆ, ಈರಣ್ಣನ ಫೋನು.

“ಸಾಮಿ, ನಿನ್ನ ಮಗಳು ಬಾಣಂತಿ ಕಣಪ್ಪ!”

ಬಯಲಿನಲ್ಲಿ ಒಂಟಿಯಾಗಿ ತಿರುಗುತ್ತಿದ್ದ ಒಂದು ಕಾಡು ಗಂಡಿನ ಜೊತೆ ಕೂಡಿಕೊಂಡಿದ್ದಳು. ನಾಲ್ಕು ಮರಿಗಳು ಬಿಲದಿಂದ ಈಚೆ ಬಂದು ಆಡುವುದನ್ನು ಈರಣ್ಣ ದೂರದಿಂದ ಕಂಡಿದ್ದರು. “ಹತ್ರ ಹೋದ್ರಾ?” ಎಂದು ಕೇಳಿದೆ. “ಹೋಗಾಕೆ ಬಿಡ್ತಾಳಾ? ನನ್ನ ನೆರಳು ಕಂಡ್ರೆ ಮರಿ ಕಚ್ಕೊಂಡು ಜಾಗ ಬದಲಾಯಿಸ್ತಾಳೆ. ನಮ್ಮ ಹಿಂಡಲ್ಲಿ ಎರಡು ಮರಿ ಹೊತ್ಕೊಂಡೋದ್ಲು, ಯಾವಾಗ ಬಂದ್ಲು ಯಾವಾಗ ಹೋದ್ಲು ನಾಯಿಗೂ ಗೊತ್ತಾಗ್ಲಿಲ್ಲ. ಕಳ್ಳಿ! ಪಕ್ಕಾ ಕಳ್ಳಿ!” ತಮ್ಮ ಎರಡು ಕುರಿಮರಿ ಹೋದದ್ದನ್ನು ಆ ಮನುಷ್ಯ ಅಷ್ಟು ಹೆಮ್ಮೆಯಿಂದ ಹೇಳಿದರು. ನಾನು ಫೋನ್ ಹಿಡಿದುಕೊಂಡೇ ಹಿತ್ತಲಲ್ಲಿ ಕುಣಿದೆ. ಜಯಮ್ಮ ಒಳಗಿಂದ, “ಏನಾಯ್ತ್ರೀ, ಹಾವಾ?” ಎಂದು ಕೂಗಿದಳು.

ಆ ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪ್ರೀತಿ ಇರಲಿ ಕಣಮ್ಮ, ಇಲ್ಲದಿದ್ದರೆ ಸಗಣಿ ಮೆತ್ತಿಕೊಂಡು ಯಾರು ನಿಲ್ಲುತ್ತಾರೆ? ಆದರೆ ನಿನ್ನ ಪ್ರೀತಿ ಅದಕ್ಕೆ ಏನು ಕಲಿಸುತ್ತಿದೆ ಎಂದು ದಿನಾ ನೋಡು. ಊಟದ ಹೊತ್ತು ಬದಲಾಯಿಸು. ದಾರಿ ಬದಲಾಯಿಸು. ಗಾಡಿಯನ್ನು ಕೆಳಗೇ ನಿಲ್ಲಿಸಿ ನಡೆದು ಹತ್ತು. ನಮ್ಮ ಕೇಂದ್ರದಲ್ಲಿ ಈಗ ಇದೇ ಕಾನೂನು, ಗೋಡೆಯ ಮೇಲೆ ಬರೆದಿದ್ದಾರೆ. ಬರೆಸಿದವನು ನಾನು. ತಪ್ಪಾದರೆ ಆ ಹೊತ್ತಿಗೇ ಬಾಯಿಬಿಟ್ಟು ಹೇಳು. ಎರಡು ನಿಮಿಷಕ್ಕಿಂತ ಹೆಚ್ಚು ಯೋಚಿಸಬೇಡ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಉಲ್ಲಾಳದಲ್ಲಿ ಒಂದು ಮನೆ, ಅದರಲ್ಲಿ ಜಯಮ್ಮ. ನೆಟ್ಟಗಿರುವ ಒಂದು ಮೊಣಕಾಲು, ನೆಟ್ಟಗಿಲ್ಲದ ಇನ್ನೊಂದು. ಒಂದು ಮೊಪೆಡ್. ಹಿತ್ತಲಲ್ಲಿ ಮೊಳೆಗೆ ನೇತುಹಾಕಿದ ಒಂದು ಗೋಣಿ ಅಂಗಿ. ಈರಣ್ಣ ವಾಪಸ್ ತೆಗೆದುಕೊಳ್ಳದ ಒಂದು ಕವಣೆ. ಭಾನುವಾರ ಹೋದರೆ ಹೊಟ್ಟೆ ಮೇಲೆ ಮಾಡಿ ಹೊರಳುವ ಒಂದು ತೋಳ. ಬಯಲಿನಲ್ಲಿ ನನ್ನನ್ನು ಕಂಡರೆ ಓಡಿಹೋಗುವ ಇನ್ನೊಂದು, ಅದರ ನಾಲ್ಕು ಮರಿ.